ಎಷ್ಟು ಹತ್ತಿರ ಬಂದಿದ್ದಿರಿ!

ನಾನು ಮನೆ ಬಾಗಿಲಿಗೆ ಬೋರ್ಡು ಹಾಕಿಸಿದ್ದೇ ಎಲ್ಲ ಅನರ್ಥಕ್ಕೂ ಮೂಲ ಎಂದು ನನ್ನ ಅತ್ತೆ ಇವತ್ತಿಗೂ ಹೇಳುತ್ತಾರೆ. ಶುದ್ಧ ಸುಳ್ಳು. ಬೋರ್ಡಿನಲ್ಲಿ ಇದ್ದದ್ದು ‘ಲೇಖಕರು’ ಎಂಬ ಒಂದೇ ಪದ. ಒಂದು ಪದ ಯಾರಿಗೆ ಏನು ಮಾಡೀತು? ಅದನ್ನು ನೋಡಿ ಹಾಲಿನವನು ರೇಷನ್ ಕಾರ್ಡಿಗೆ ಅರ್ಜಿ ಬರೆದುಕೊಡಿ ಎಂದು ಕೇಳಿದ್ದು ಬಿಟ್ಟರೆ ಮೊದಲ ವಾರ ಯಾವ ಅಪಾಯವೂ ಆಗಲಿಲ್ಲ.

ಲೇಖಕ ಎಂದರೆ ನಾನು ಕಥೆ ಕವಿತೆ ಬರೆಯುವವನಲ್ಲ. ಮೊದಲು ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದೆ, ಅಂದರೆ ಊರವರ ತಪ್ಪು ಹುಡುಕುವ ಕೆಲಸ. ಈಗ ಮೊಬೈಲಿನಲ್ಲೇ ಪಾಠ ಕಲಿಸುವ ಒಂದು ಕಂಪನಿಯಲ್ಲಿದ್ದೇನೆ. ಇಲ್ಲಿ ಎಲ್ಲ ತಿರುಗುಮುರುಗು. ಕಲಿಯುವವರು ಉತ್ತರ ತಪ್ಪು ಮಾಡಿದಾಗ ಅವರ ಮನಸ್ಸು ಮುದುಡಬಾರದಲ್ಲ, ಆಗ ಪರದೆಯ ಮೇಲೆ ಒಂದು ಒಳ್ಳೆಯ ಮಾತು ಬರುತ್ತದೆ. “ಅಯ್ಯೋ, ಎಷ್ಟು ಹತ್ತಿರ ಬಂದಿದ್ದಿರಿ!” ಎಂದೋ, “ನೀವು ಕೈಬಿಡುವವರಲ್ಲ ಎಂದು ನನಗೆ ಗೊತ್ತು” ಎಂದೋ. ಆ ಮಾತುಗಳ ಕರ್ತೃ ನಾನು. ಕಂಪನಿಯಲ್ಲಿ ನನ್ನದು ‘ಪ್ರೋತ್ಸಾಹ ವಿಭಾಗ’. ವಿಭಾಗದ ಮುಖ್ಯಸ್ಥ ನಾನೇ, ಸಿಬ್ಬಂದಿಯೂ ನಾನೇ. ರಜೆ ಬೇಕಾದಾಗ ಅರ್ಜಿ ಬರೆದು ನಾನೇ ಮಂಜೂರು ಮಾಡಿಕೊಳ್ಳುತ್ತಿದ್ದೆ.

“ನನ್ನ ಮಾತು ಓದಿದವನು ಫೇಲಾಗೋಕೆ ಸಾಧ್ಯವೇ ಇಲ್ಲ” ಎಂದು ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೇಳಿದ ಮೇಲೆ ಮನೆಯವರನ್ನು ಬಿಡಲಾದೀತೆ? ನನ್ನ ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಬಡ್ತಿ ಬೇಕಾದರೆ ಲೆಕ್ಕಪತ್ರದ ಇಲಾಖಾ ಪರೀಕ್ಷೆ ಪಾಸಾಗಬೇಕು. ಅವಕಾಶ ಮೂರೇ ಮೂರು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಇದೊಂದು ಸಲವೂ ಕೈತಪ್ಪಿದರೆ, ತಾನೇ ಕೈಹಿಡಿದು ಯಾರಿಗೆ ಕೆಲಸ ಕಲಿಸಿದ್ದಳೋ ಅವರ ಕೈಕೆಳಗೇ ನಿವೃತ್ತಿಯವರೆಗೆ ಕೂರಬೇಕು. ಅವಳು ಈ ವಿಷಯ ಮಾತಾಡುತ್ತಲೇ ಇರಲಿಲ್ಲ. ಪುಸ್ತಕ ತೆಗೆಯುವುದು, ಒಂದು ಪುಟ ನೋಡುವುದು, ಮುಚ್ಚಿಡುವುದು.

“ನಮ್ಮ ಕಂಪನಿ ಪಾಠಕ್ಕೆ ಸೇರ್ಕೊ. ಮಿಕ್ಕಿದ್ದು ನನ್ನ ಮಾತುಗಳು ನೋಡ್ಕೊಳ್ತವೆ” ಎಂದೆ.

ಕೆಳಗಿನ ಮನೆಯ ಓನರಮ್ಮನೂ ತಾನು ಸೇರುತ್ತೇನೆಂದರು. ಅವರದು ಬೀದಿಗೆ ಮುಖ ಮಾಡಿದ ಹೊಲಿಗೆ ಅಂಗಡಿ. ಅಂಗಡಿಯ ಲೆಕ್ಕವನ್ನು ತಾನೇ ಬರೆಯಬೇಕೆಂಬ ಹಠ. ಅವರ ಯಜಮಾನರು ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ರೈಲು ಬಿಟ್ಟರೂ ತಪಾಸಣೆ ಬಿಟ್ಟಿಲ್ಲ. ನಮ್ಮ ಮೆಟ್ಟಿಲು ಹತ್ತುವವನು ಯಾರೇ ಆಗಲಿ, ಟಿಕೆಟ್ ಇಲ್ಲದೆ ಹತ್ತಿದ್ದಾನೆ ಎಂಬುದೇ ಅವರ ಮೊದಲ ನಂಬಿಕೆ. ಬೀದಿಯೆಲ್ಲ ಅವರನ್ನು ಟಿ.ಸಿ. ಸಾಹೇಬರು ಎಂದೇ ಕರೆಯುವುದು. ಲೋಕದಲ್ಲಿ ಅವರ ಅನುಮಾನದಿಂದ ತಪ್ಪಿಸಿಕೊಂಡ ಏಕೈಕ ಜೀವ ಅವರ ಹೆಂಡತಿ. ಆಕೆ ಗುಂಡಿ ಹೊಲಿದರೆ “ಆಹಾ!” ದಾರ ಕಡಿದರೆ “ಆಹಾ!” ಸೀನಿದರೂ “ಆಹಾ, ಎಷ್ಟು ಚೊಕ್ಕವಾಗಿ ಸೀನಿದೆ!”

ಇಬ್ಬರನ್ನೂ ಸೇರಿಸಬೇಕು ಎಂದುಕೊಂಡ ದಿನವೇ ಆಫೀಸಿನಲ್ಲಿ ಮೀಟಿಂಗು ಕರೆದರು. ಅಂಕಿ ಅಂಶ ನೋಡಿಕೊಳ್ಳಲು ಹೊಸದಾಗಿ ಒಬ್ಬ ಮೇಡಂ ಬಂದಿದ್ದರು. ವಯಸ್ಸು ಚಿಕ್ಕದು, ಪ್ರಶ್ನೆ ದೊಡ್ಡದು.

“ಸಾರ್, ನಿಮ್ಮ ಮಾತುಗಳಿಂದ ಜನ ಜಾಸ್ತಿ ಕಲೀತಾರೆ ಅಂತ ಹೇಗೆ ಗೊತ್ತು?”

“ಗೊತ್ತಾಗೋದೇನ್ ಬಂತು ಮೇಡಂ? ಓದಿದ್ರೆ ನನಗೇ ಕಣ್ಣಲ್ಲಿ ನೀರು ಬರುತ್ತೆ.”

“ಕಣ್ಣಲ್ಲಿ ನೀರು ಬಂದ್ರೆ ತಲೆಗೆ ಲೆಕ್ಕ ಬರುತ್ತೆ ಅಂತೇನಿಲ್ವಲ್ಲ.”

ಮೀಟಿಂಗಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಬೋರ್ಡಿನ ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿದರು.

“ಇವತ್ತಿಂದ ಯಾರು ಹೊಸದಾಗಿ ಸೇರಿದ್ರೂ ಕಂಪ್ಯೂಟರು ಒಂದು ನಾಣ್ಯ ಚಿಮ್ಮಿದ ಹಾಗೆ ಮಾಡುತ್ತೆ. ಹೆಡ್ ಬಿದ್ರೆ ಅವರು ತಪ್ಪು ಮಾಡಿದಾಗ ಸಾರ್ ಬರೆದಿರೋ ಒಳ್ಳೆ ಮಾತು ಕಾಣುತ್ತೆ. ಟೇಲ್ ಬಿದ್ರೆ ‘ತಪ್ಪು’ ಅಂತ ಮಾತ್ರ. ಪಾಠ ಎಲ್ಲಾ ಒಂದೇ. ಕೊನೇಲಿ ಯಾವ ಗುಂಪು ಜಾಸ್ತಿ ಕಲ್ತಿದೆ ಅಂತ ನೋಡೋಣ.”

“ನಾವೇ ಆರಿಸಬಾರದಾ ಮೇಡಂ? ಪಾಪದವರಿಗೆ ನನ್ನ ಮಾತು, ಜಂಬದವರಿಗೆ ‘ತಪ್ಪು’?”

“ಅದೇ ಬೇಡ ಅನ್ನೋದು. ನಾವು ಆರಿಸಿದ್ರೆ ಗೊತ್ತೋ ಗೊತ್ತಿಲ್ದೆಯೋ ಜಾಣರನ್ನೆಲ್ಲ ಒಂದು ಕಡೆ ತುಂಬ್ತೀವಿ. ಆಮೇಲೆ, ನೋಡಿ ನಮ್ಮ ಮಾತಿಂದ್ಲೇ ಪಾಸಾದ್ರು ಅಂತ ಬೆನ್ನು ತಟ್ಕೊಳ್ತೀವಿ. ನಾಣ್ಯಕ್ಕೆ ಅತ್ತೆನೂ ಇಲ್ಲ, ಅಳಿಯನೂ ಇಲ್ಲ. ಯಾರಿಗೆ ಯಾವುದು ಹತ್ತುತ್ತೆ ಅಂತ ಗೊತ್ತಾದ್ಮೇಲೆ ಅವರವರಿಗೆ ತಕ್ಕ ಹಾಗೆ ಕೊಡೋಣ. ಒಬ್ಬರಿಗೆ ಬೆಲ್ಲ, ಒಬ್ಬರಿಗೆ ಮೆಣಸಿನಕಾಯಿ.”

ಆಮೇಲೆ ನನ್ನ ಕಡೆಗೇ ತಿರುಗಿ, “ಒಂದು ವಿಷಯ. ಪ್ರಯೋಗ ನಡೀತಿದೆ ಅಂತ ಕಲಿಯೋರಿಗೆ ಗೊತ್ತಾಗಬಾರದು. ಹೊರಗಡೆ ಬಾಯಿ ಬಿಡಬೇಡಿ” ಎಂದರು. ನಾನು ಎದೆ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅಂದಿನಿಂದ ಆಫೀಸಿನಲ್ಲಿ ಅವರಿಗೆ ನಾಣ್ಯದ ಮೇಡಂ ಎಂಬ ಹೆಸರು ಬಿತ್ತು. ಇಟ್ಟವನು ನಾನೇ.

ಸಂಜೆ ಮನೆಗೆ ಬಂದು ಇಬ್ಬರು ಹೆಂಗಸರನ್ನೂ ಪಾಠಕ್ಕೆ ಸೇರಿಸಿದೆ. ಸೇರುವಾಗ ಫೋನು ಕೇಳಿದ ಪ್ರಶ್ನೆಗಳಿಗೆಲ್ಲ ಅವರವರೇ ಉತ್ತರ ಒತ್ತಿಕೊಂಡರು. ಎರಡು ಮನೆಗೂ ನಡುವಿನ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು ಓದತೊಡಗಿದರು. ನಾನು ಮೇಲಿನ ಮೆಟ್ಟಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಪ್ರಶ್ನೆ ಬಂತು. ಜಮೆಯ ಕಡೆ ಹಾಕಬೇಕಾದ್ದನ್ನು ಇಬ್ಬರೂ ಖರ್ಚಿನ ಕಡೆ ಹಾಕಿದರು.

ಓನರಮ್ಮನ ಫೋನು ಟಿಣ್ ಎಂದಿತು. ಅವರು ಜೋರಾಗಿ ಓದಿದರು: “ಅಯ್ಯೋ, ಎಷ್ಟು ಹತ್ತಿರ ಬಂದಿದ್ದಿರಿ! ನಿಮ್ಮಂಥವರ ತಪ್ಪಿನಲ್ಲೂ ಒಂದು ಚೆಂದವಿದೆ.”

ನನ್ನ ಹೆಂಡತಿಯ ಫೋನು ಡುಂಯ್ ಎಂದಿತು. “ತಪ್ಪು.”

ಹೆಂಡತಿ ಇನ್ನೊಂದು ಪ್ರಶ್ನೆ ಮಾಡಿದಳು. “ತಪ್ಪು.” ಓನರಮ್ಮ ಬೇಕೆಂದೇ ಒಂದು ತಪ್ಪು ಮಾಡಿ ನೋಡಿದರು. “ನಿಮ್ಮಂಥವರು ಸಿಗುವುದು ಅಪರೂಪ. ಬನ್ನಿ, ಇನ್ನೊಮ್ಮೆ ಜೊತೆಯಾಗಿ ನೋಡೋಣ.”

ಹೆಂಡತಿ ನಿಧಾನವಾಗಿ ಕತ್ತೆತ್ತಿದಳು.

“ರೀ, ಇವನ್ನೆಲ್ಲ ಬರೆಯೋದು ನೀವೇ ಅಂದ್ರಲ್ಲ?”

“ಹೌ... ಹೌದು.”

“ಈ ಅಕ್ಕನಿಗೆ ಬರೆದಿದ್ದೂ ನೀವೇ?”

“ಅದು ಹಾಗಲ್ಲ ಕಣೇ. ಅದು ಆಫೀಸಿನ ಗುಟ್ಟು.”

ಗುಟ್ಟು! ಜಗತ್ತಿನಲ್ಲಿ ಹೇಳಬಹುದಾದ ಅಷ್ಟೂ ಮಾತುಗಳಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಹೆಂಡತಿ ಫೋನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ರಭಸಕ್ಕೆ ‘ಲೇಖಕರು’ ಬೋರ್ಡು ಒಂದು ಕಡೆ ವಾಲಿತು.

ಮರುದಿನ ಬೆಳಗ್ಗೆ ಮೆಟ್ಟಿಲ ಕೆಳಗೆ ಟಿ.ಸಿ. ಸಾಹೇಬರು ಅಡ್ಡ ನಿಂತಿದ್ದರು. ಕೈಯಲ್ಲಿ ಓನರಮ್ಮನ ಫೋನು.

“ಎಲ್ಲಿಂದ ಎಲ್ಲಿಗೆ?”

“ಮನೆಯಿಂದ ಆಫೀಸಿಗೆ ಸಾರ್.”

“ಅದು ಗೊತ್ತು. ನಿಮ್ಮ ಮಾತು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಕೇಳಿದ್ದು. ಓದ್ಲಾ? ‘ನಿನ್ನೆ ರಾತ್ರಿ ನೀವು ಬರಲಿಲ್ಲ. ಬಿಕೋ ಎನ್ನಿಸಿತು.’ ಯಾರಿಗ್ರೀ ಬಿಕೋ ಅನ್ಸಿದ್ದು?”

ಅದು ಪಾಠ ತಪ್ಪಿಸಿದವರಿಗೆಲ್ಲ ತಾನಾಗಿಯೇ ಹೋಗುವ ನೆನಪೋಲೆ. ನನಗೆ ಬಹಳ ಇಷ್ಟವಾದ ಸಾಲು.

“ಸಾರ್, ತಪ್ಪು ತಿಳ್ಕೋಬೇಡಿ. ಅದು ನಿಮ್ಮ ಮನೆಯವರಿಗೆ ಮಾತ್ರ ಅಲ್ಲ. ಸಾವಿರಾರು ಜನಕ್ಕೆ ಹೋಗುತ್ತೆ.”

“ಸಾವಿರಾರು ಹೆಂಗಸರಿಗೆ!”

“ಗಂಡಸರಿಗೂ ಹೋಗುತ್ತೆ ಸಾರ್!”

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ. ಅಷ್ಟರಲ್ಲಿ ಹಾಲಿನವನು, ಎದುರು ಮನೆಯ ದಂತವೈದ್ಯರು, ಅವರ ಬಾಯಿ ತೆರೆದ ರೋಗಿ, ಎಲ್ಲರೂ ಬಾಗಿಲಿಗೆ ಬಂದಿದ್ದರು.

“ನೋಡಿ, ನನ್ನ ಹೆಂಡತಿಯನ್ನ ಹೊಗಳೋಕೆ ನಾನಿದೀನಿ. ಆ ಸೀಟು ರಿಸರ್ವ್ ಆಗಿದೆ. ಇನ್ಮೇಲೆ ಅವಳಿಗೆ ನೀವು ಒಂದೂ ಒಳ್ಳೆ ಮಾತು ಹೇಳಕೂಡದು.”

“ಹಾಗಾದ್ರೆ ಏನು ಹೇಳ್ಲಿ ಸಾರ್?”

“ಏನಾದ್ರೂ ಹೇಳಿ. ಒಳ್ಳೇದು ಬೇಡ.”

ಆಫೀಸಿಗೆ ಹೋದವನೇ ನಾಣ್ಯದ ಮೇಡಂ ಮುಂದೆ ಕೈಮುಗಿದು ನಿಂತೆ. ನನ್ನ ಹೆಂಡತಿಯನ್ನು ಆ ಕಡೆಯಿಂದ ಈ ಕಡೆಗೆ, ಓನರಮ್ಮನನ್ನು ಈ ಕಡೆಯಿಂದ ಆ ಕಡೆಗೆ ಹಾಕಿಬಿಡಿ, ಎರಡೇ ಜನ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅಂಗಲಾಚಿದೆ.

“ನಿಮ್ಮ ಮನೆಯವರಿಗೆ ಇವತ್ತು ಬದಲಾಯಿಸಿದ್ರೆ ನಾಳೆ ಅಕೌಂಟ್ಸ್‌ನವರು ಅವರ ತಂಗಿ ಕರ್ಕೊಂಡು ಬರ್ತಾರೆ. ಆಮೇಲೆ ಅದು ಪ್ರಯೋಗ ಅಲ್ಲ ಸಾರ್, ಶಿಫಾರಸು.”

“ಮೇಡಂ, ಅವಳಿಗೆ ಇದು ಕೊನೇ ಅವಕಾಶ. ನನ್ನ ಮಾತಿಲ್ದೆ ಹೋದ್ರೆ ಫೇಲಾಗ್ತಾಳೆ.”

“ಅದು ನಿಜವಾ ಅಂತ ನೋಡೋಕೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು?” ಎಂದು ಹೇಳಿ ಮೇಡಂ ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ಸರಿ, ಕಂಪನಿಯಿಂದ ಆಗದ್ದನ್ನು ಮನೆಯಲ್ಲೇ ಮಾಡೋಣ ಎಂದು ಎರಡು ತೀರ್ಮಾನ ಮಾಡಿಕೊಂಡೆ. ಹೆಂಡತಿಗೆ ಒಳ್ಳೆಯ ಮಾತನ್ನು ನಾನೇ ಕೈಯಾರೆ ಬಡಿಸುವುದು. ಓನರಮ್ಮನ ಜೊತೆ ‘ತಪ್ಪು’ ಬಿಟ್ಟು ಬೇರೆ ಮಾತಾಡದಿರುವುದು. ಯೋಜನೆಯಲ್ಲಿ ಒಂದೇ ಒಂದು ದೋಷವೂ ನನಗೆ ಕಾಣಲಿಲ್ಲ.

ಸಂಜೆ ಹೆಂಡತಿ ಲೆಕ್ಕ ಮಾಡುತ್ತಿದ್ದಾಗ ಸದ್ದಿಲ್ಲದೆ ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಫೋನು ಡುಂಯ್ ಎಂದ ಕೂಡಲೇ ಕಿವಿಯ ಹತ್ತಿರ ಬಾಗಿ, “ಸೋಲು ಗೆಲುವಿನ ಅಂಗಳದ ಮೊದಲ ಮೆಟ್ಟಿಲು” ಎಂದೆ. ಅವಳು ಕಿಟಾರನೆ ಕಿರುಚಿ ಎದ್ದಳು. ಕುರ್ಚಿಯ ಕಾಲು ನನ್ನ ಕಾಲ್ಬೆರಳ ಮೇಲೆ ಕೂತಿತು.

“ಏನ್ರೀ ಇದು, ದೆವ್ವದ ಹಾಗೆ!”

“ಪ್ರೋತ್ಸಾಹ ಕಣೇ.”

“ಅಕ್ಕನಿಗೆ ಕೊಟ್ಟು ಮಿಕ್ಕಿದ್ದಾ?”

ಕಾಲ್ಬೆರಳು ಹಿಡಿದುಕೊಂಡು ಕುಂಟುತ್ತಾ ಹೊರಗೆ ಬಂದರೆ ಮೆಟ್ಟಿಲ ಬಳಿ ಓನರಮ್ಮ. ಮೇಲೆ ತಾರಸಿಯಿಂದ ಸಾಹೇಬರು ಬಟ್ಟೆ ಒಣಹಾಕುವ ನೆಪದಲ್ಲಿ ಇಣುಕುತ್ತಿದ್ದರು.

“ಇವತ್ತು ಸೆಕೆ ಜಾಸ್ತಿ ಅಲ್ವಾ?” ಎಂದರು ಓನರಮ್ಮ.

“ತಪ್ಪು” ಎಂದೆ.

“ಅಯ್ಯೋ, ಕಾಲಿಗೆ ಏನಾಯ್ತು? ಎಡವಿದ್ರಾ?”

“ತಪ್ಪು.”

“ನಿಮ್ಮ ಅತ್ತೆ ಬಂದಿದ್ದಾರಲ್ಲ, ಆಟೋದಿಂದ ಇಳೀತಿದ್ದಾರೆ ನೋಡಿ.”

“ತಪ್ಪು” ಎಂದು ಹೇಳಿ ತಿರುಗಿದರೆ ಅತ್ತೆ ನಿಜವಾಗಿಯೂ ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದರು.

“ನಾನು ಬಂದಿದ್ದು ತಪ್ಪೇನಪ್ಪಾ ಅಳಿಯಂದಿರೇ?” ಎಂದರು.

ಮಗಳು ಫೋನಿನಲ್ಲಿ ಅತ್ತಳಂತೆ. ತಾಯಿ ಮೊದಲ ಬಸ್ಸು ಹತ್ತಿದರಂತೆ. ಆ ರಾತ್ರಿಯ ಊಟದಲ್ಲಿ ಅತ್ತೆ ನನಗೆ ಬಡಿಸುವಾಗಲೆಲ್ಲ ಸೌಟು ತಟ್ಟೆಗೆ ಬಡಿದು ಠಣ್ ಎನ್ನುತ್ತಿತ್ತು. “ನನ್ನ ಮಗಳಿಗೆ ‘ತಪ್ಪು’ ಅನ್ನೋಕೆ ಒಂದು ಕಂಪನಿ ಬೇರೆ ಬೇಕಿತ್ತಾ? ಮನೇಲಿ ಬಿಟ್ಟಿ ಸಿಕ್ತಿರ್ಲಿಲ್ವಾ?” ಎಂದು ಕೇಳಿದರು. ನಾನು ಮಾತು ಬೆಳ್ಳಿ, ಮೌನ ಬಂಗಾರ ಎಂದುಕೊಂಡು ಇನ್ನಷ್ಟು ಬಂಗಾರ ಕೂಡಿಟ್ಟೆ.

ಅಷ್ಟಾದರೂ ಮೂರ್ನಾಲ್ಕು ದಿನದಲ್ಲಿ ಏನೋ ಪವಾಡ ನಡೆಯಿತು. ಟಿ.ಸಿ. ಸಾಹೇಬರು ಮೆಟ್ಟಿಲಲ್ಲಿ ನನ್ನನ್ನು ತಡೆದು, “ಪರವಾಗಿಲ್ಲ ಕಣ್ರೀ, ಮಾತು ಉಳಿಸ್ಕೊಂಡ್ರಿ. ಓದೋ ಹೊತ್ತಲ್ಲಿ ಇಣುಕಿ ನೋಡಿದೆ, ಈಗ ಬರೀ ‘ತಪ್ಪು’ ಅಂತ ಬರ್ತಿದೆ” ಎಂದು ಕೈಕುಲುಕಿದರು. ಓನರಮ್ಮ ಹುಬ್ಬು ಗಂಟಿಕ್ಕಿಕೊಂಡು ಪೆನ್ಸಿಲು ಕಚ್ಚುತ್ತಾ ಶ್ರದ್ಧೆಯಿಂದ ಲೆಕ್ಕ ಮಾಡುತ್ತಿದ್ದರು. ನನ್ನ ಹೆಂಡತಿಯೂ ಪುಸ್ತಕ ತೆಗೆದರೆ ಮುಚ್ಚುತ್ತಿರಲಿಲ್ಲ. ಎಲ್ಲ ನನ್ನ ರಾಜತಾಂತ್ರಿಕ ಜಾಣ್ಮೆಯ ಫಲ ಎಂದುಕೊಂಡು ವಾಲಿದ್ದ ಬೋರ್ಡನ್ನು ನೆಟ್ಟಗೆ ಮಾಡಿದೆ.

ಆದರೆ ಬೋರ್ಡು ನೆಟ್ಟಗಾದ ಸಂಜೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಂಡತಿ ಫೋನು ನೋಡಿಕೊಂಡು ನಗುತ್ತಿದ್ದಳು. ಲೆಕ್ಕಪತ್ರದಲ್ಲಿ ನಗುವಂಥದ್ದು ಏನಿದೆ? ನಾನು ಹತ್ತಿರ ಹೋದೆ. ಅವಳು ಫೋನು ಮಗುಚಿಟ್ಟಳು. ಮರುದಿನ ನಗು ಮಾತ್ರವಲ್ಲ, ಒಮ್ಮೆ ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

“ಯಾರದ್ದೇ ಮೆಸೇಜು?”

“ಪಾಠ.”

“ಪಾಠಕ್ಕೆ ಯಾರಾದ್ರೂ ನಗ್ತಾರಾ?”

“ಯಾಕೆ, ನನ್ನ ಪಾಠಕ್ಕೆ ನಾನು ನಗಬಾರದಾ? ಗುಟ್ಟು ಅಂದ್ಕೊಳ್ಳಿ.”

ಗುಟ್ಟು! ಅವಳಿಗೆ ಬರಬೇಕಾದ್ದು ಬರೀ ‘ತಪ್ಪು’. ಅದಕ್ಕೆ ಯಾರೂ ನಗಲಾರರು. ಅಂದ ಮೇಲೆ ಇನ್ಯಾವನೋ ಬರೆಯುತ್ತಿದ್ದಾನೆ. ಸಹೋದ್ಯೋಗಿಯೋ? ನೀರಿನ ಇಲಾಖೆಯವನೋ? ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ನಾಚಿಕೆ ಬಿಟ್ಟು ಲೋಕದಲ್ಲಿ ಅನುಮಾನದ ವಿದ್ಯೆ ಬಲ್ಲ ಏಕೈಕ ತಜ್ಞರ ಬಳಿಗೆ ಹೋದೆ.

“ಸಾರ್, ನಮ್ಮ ಬೋಗಿಗೆ ಟಿಕೆಟ್ ಇಲ್ದೋನು ಯಾರೋ ಹತ್ತಿದ್ದಾನೆ.”

ಸಾಹೇಬರ ಕಣ್ಣು ಮಿಂಚಿತು. ನಿವೃತ್ತಿಯಾದ ಮೇಲೆ ಯಾರೂ ಅವರ ಸಹಾಯ ಕೇಳಿರಲಿಲ್ಲ. ಗೋಡೆಯಿಂದ ಹಳೆಯ ಕಪ್ಪು ಕೋಟು ತೆಗೆದು ತೊಟ್ಟುಕೊಂಡೇ ಹೊರಟರು.

ಮೆಟ್ಟಿಲ ಮೇಲೆ ಹೆಂಗಸರಿಬ್ಬರೂ ಓದುತ್ತಿದ್ದರು. ಪಕ್ಕದಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದರು. ಸಾಹೇಬರು ಗಂಟಲು ಸರಿಮಾಡಿಕೊಂಡು ನನ್ನ ಹೆಂಡತಿಯ ಮುಂದೆ ಕೈಚಾಚಿದರು. “ತೋರಿಸಮ್ಮ” ಎಂದರು. ಎಷ್ಟೋ ವರ್ಷ ರೈಲಿನಲ್ಲಿ ಟಿಕೆಟ್ ಕೇಳಿದ ಕೈ ಅದು. ಅವಳು ಅಭ್ಯಾಸಬಲದಿಂದ ಎಂಬಂತೆ ಫೋನು ಕೊಟ್ಟೇಬಿಟ್ಟಳು. ಸಾಹೇಬರು ಕನ್ನಡಕ ಏರಿಸಿ, ಸುತ್ತ ನೆರೆದಿದ್ದ ಹಾಲಿನವನಿಗೂ ದಂತವೈದ್ಯರಿಗೂ ಕೇಳುವಂತೆ ಓದಿದರು:

“‘ಎಲ್ಲರೂ ಕೈಬಿಟ್ಟರೂ ನಾನಿದ್ದೇನೆ. ಕಣ್ಣೊರೆಸಿಕೊಂಡು ಬನ್ನಿ, ಇನ್ನೊಂದು ಲೆಕ್ಕ ನೋಡೋಣ.’”

ನನ್ನ ಮೈಯೆಲ್ಲ ಉರಿದುಹೋಯಿತು.

“‘ಕಣ್ಣೊರೆಸಿಕೊಂಡು ಬನ್ನಿ’ಯಂತೆ! ಯಾವನೇ ಅವನು? ಏನು ನಾಲ್ಕಾಣೆ ಶೈಲಿ! ಏನು ಬೆಣ್ಣೆ! ಇಂಥದ್ದನ್ನ ಬರೆಯೋನು ಸಂಸಾರಸ್ಥ ಆಗಿರೋಕೆ ಸಾಧ್ಯವೇ ಇಲ್ಲ! ಅವನ ಮನೇಲಿ ಹೆಂಡ್ತಿ ಅಂತ ಒಬ್ಬಳಿದ್ರೆ ಹೀಗೆ ಊರವರ ಕಣ್ಣೊರೆಸ್ತಾ ಕೂತಿರ್ತಿದ್ನಾ?”

ಸಾಹೇಬರು ಇನ್ನಷ್ಟು ಸಾಕ್ಷಿ ಹುಡುಕಲು ಫೋನಿನ ಮೇಲೆ ಬೆರಳಾಡಿಸಿದರು. ಪಾಠ ಮುಚ್ಚಿ ಪರದೆಯ ಹಿಂದಿನ ಚಿತ್ರ ಕಂಡಿತು. ಅದರಲ್ಲಿ ಕಪ್ಪು ಕೋಟು ತೊಟ್ಟು ರೈಲಿನ ಬಾಗಿಲಲ್ಲಿ ನಿಂತಿದ್ದವರು ಸ್ವತಃ ಸಾಹೇಬರೇ.

“ಇದು ನನ್ನ ಫೋಟೋ” ಎಂದರು. ಆಮೇಲೆ, “ಇದು ನನ್ನ ಹೆಂಡತಿ ಫೋನು” ಎಂದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ನಿಧಾನವಾಗಿ, “ಅಂದ್ರೆ ಈ ನಾಲ್ಕಾಣೆ ಶೈಲಿ...” ಎಂದರು.

ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ನನ್ನದೇ ಸಾಲು. ಹೋದ ವರ್ಷ ಅದಕ್ಕೆ ಕಂಪನಿಯವರು ಶಾಲು ಹೊದಿಸಿದ್ದರು.

“ಹೌದು, ನಾವೇ ಅದಲು ಬದಲು ಮಾಡ್ಕೊಂಡ್ವಿ. ಓದೋ ಹೊತ್ತಲ್ಲಿ ಅಕ್ಕನ ಫೋನು ನನಗೆ, ನನ್ನದು ಅಕ್ಕನಿಗೆ” ಎಂದಳು ಹೆಂಡತಿ.

ಇನ್ನು ಗುಟ್ಟು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಲೆ? ಪ್ರಯೋಗ, ನಾಣ್ಯ, ಹೆಡ್, ಟೇಲ್, ಮೇಡಂ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಸಾಹೇಬರ ಮುಖ ಸಡಿಲವಾಯಿತು. ಹೆಂಡತಿಯದು ಆಗಲಿಲ್ಲ.

“ಆಫೀಸಲ್ಲಿ ನಾಣ್ಯ ಹಾಗೆ ಬಿತ್ತು, ಸರಿ. ಮನೇಲಿ ಯಾರು ನಾಣ್ಯ ಹಾಕಿದ್ರು?” ಎಂದಳು. “ಮೊದಲ ಸಲ ಫೇಲಾದಾಗ ‘ಹೋಗ್ಲಿ ಬಿಡು’ ಅಂದ್ರಿ. ಎರಡನೇ ಸಲ ಅದೂ ಇಲ್ಲ, ಪೇಪರ್ ಓದ್ತಾ ಇದ್ರಿ. ನಿಮಗೆ ಮಾತೇ ಬರಲ್ಲ, ಸ್ವಭಾವ ಹಾಗೆ ಅಂದ್ಕೊಂಡಿದ್ದೆ. ಈ ಫೋನು ನೋಡಿದ್ಮೇಲೆ ಗೊತ್ತಾಯ್ತು, ಬರುತ್ತೆ ಅಂತ. ನನಗೆ ಸಿಟ್ಟು ಬಂತು. ಆದ್ರೆ ಓದೋಕೂ ಮನಸ್ಸು ಬಂತು. ಏನ್ ಮಾಡ್ಲಿ?”

ಓನರಮ್ಮ ಪೆನ್ಸಿಲು ಕೆಳಗಿಟ್ಟರು. “ನನಗೂ ಬೇಕಾಗಿದ್ದೇ ಆಯ್ತು. ಮದುವೆ ಆದಾಗಿಂದ ‘ಆಹಾ’ ಕೇಳಿ ಕೇಳಿ ಕಿವಿ ಜಿಡ್ಡು ಹಿಡಿದಿತ್ತು. ತೋಳು ತಿರುಗುಮುರುಗು ಹೊಲಿದ್ರೂ ಆಹಾ! ಈ ಫೋನು ‘ತಪ್ಪು’ ಅಂದಾಗ, ಅಬ್ಬಾ, ಕೊನೆಗೂ ಯಾರೋ ನನ್ನ ಕೆಲಸ ಕಣ್ಣಿಟ್ಟು ನೋಡಿದ್ರಲ್ಲ ಅನ್ನಿಸ್ತು.”

“ಆಹಾ, ಎಷ್ಟು ಚೆನ್ನಾಗಿ ಹೇಳಿದೆ!” ಎಂದರು ಸಾಹೇಬರು.

ಅತ್ತೆ ಕೊನೆಯ ಬಟ್ಟೆ ಮಡಚಿಟ್ಟು ತೀರ್ಪು ಕೊಟ್ಟರು. “ಊರಿಗುಪಕಾರಿ, ಮನೆಗೆ ಮಾರಿ.”

ಮರುದಿನ ಮೇಡಂ ಮುಂದೆ ಹೋಗಿ ನಡೆದದ್ದೆಲ್ಲ ಒಪ್ಪಿಸಿ, ನಿಮ್ಮ ಪ್ರಯೋಗ ಹಾಳು ಮಾಡಿದೆ ಎಂದು ತಲೆ ತಗ್ಗಿಸಿದೆ. ಅವರು ನಕ್ಕುಬಿಟ್ಟರು. “ಸಾವಿರಾರು ಜನರಲ್ಲಿ ಇಬ್ಬರು ಫೋನ್ ಬದಲಾಯಿಸಿದ್ರೆ ಪ್ರಯೋಗ ಹಾಳಾಗಲ್ಲ ಸಾರ್. ಜನ ಅಂದ್ಮೇಲೆ ಬದಲಾಯಿಸ್ತಾರೆ. ನಾಣ್ಯ ಅವರನ್ನ ಎಲ್ಲಿ ಹಾಕಿತ್ತೋ ಅಲ್ಲೇ ಲೆಕ್ಕಕ್ಕೆ ತಗೋತೀನಿ. ಇದನ್ನ ಮಾತ್ರ ಬರೆದಿಟ್ಟಿರ್ತೀನಿ” ಎಂದರು. ನನ್ನ ಮೂರು ದಿನದ ಉಪವಾಸ ಅವರ ಲೆಕ್ಕದಲ್ಲಿ ಒಂದು ಅಡಿಟಿಪ್ಪಣಿಯೂ ಆಗುವಂತಿರಲಿಲ್ಲ.

ಪರೀಕ್ಷೆಯ ದಿನ ಹೆಂಡತಿ ಹೊರಟಾಗ ಬಾಗಿಲಲ್ಲಿ ನಿಂತೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದೆಲ್ಲ ಅವಳು ಫೋನಿನಲ್ಲಿ ಓದಿದ್ದೇ. ಬಾಯಿ ಮುಚ್ಚಿ ಅವಳ ನೀರಿನ ಬಾಟಲಿ ತುಂಬಿಸಿ ಕೊಟ್ಟೆ. ಅವಳು ಬಾಟಲಿಯನ್ನೂ ನನ್ನನ್ನೂ ಒಂದು ಸಲ ನೋಡಿ ಹೋದಳು. ಆಮೇಲೆ ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಲೆಕ್ಕದ ಸುದ್ದಿ ಎತ್ತಲಿಲ್ಲ. ಅತ್ತೆಯೂ ಊರಿಗೆ ಹೋಗಲಿಲ್ಲ, ಅದು ಬೇರೆ.

ಪರೀಕ್ಷೆಯದು, ಪ್ರಯೋಗದ್ದು, ಎರಡು ಫಲಿತಾಂಶವೂ ಒಂದೇ ದಿನ ಬಂದವು. ಬೆಳಗ್ಗೆ ಆಫೀಸಿನಲ್ಲಿ ಮೇಡಂ ನನ್ನನ್ನು ಕರೆದು ಕೂರಿಸಿದರು.

“ಒಟ್ಟಾರೆ ನೋಡಿದ್ರೆ ನಿಮ್ಮ ಮಾತಿಗೂ ಬರೀ ‘ತಪ್ಪು’ಗೂ ಹೆಚ್ಚು ವ್ಯತ್ಯಾಸ ಇಲ್ಲ.”

ಪ್ರೋತ್ಸಾಹ ವಿಭಾಗದ ಸಮಸ್ತ ಸಿಬ್ಬಂದಿಯೂ ಕುರ್ಚಿಯಿಂದ ಅರ್ಧ ಎದ್ದಿತು.

“ಆದ್ರೆ ಸೇರೋವಾಗ ಎಲ್ಲರಿಗೂ ಒಂದು ಪ್ರಶ್ನೆ ಕೇಳಿದ್ವಿ. ಓದೋಕೆ ಮನೇಲಿ ಯಾರಾದ್ರೂ ಧೈರ್ಯ ಹೇಳೋರಿದ್ದಾರಾ ಅಂತ. ಇದ್ದಾರೆ ಅಂದೋರಿಗೆ ನಿಮ್ಮ ಮಾತಿಂದ ಏನೂ ಆಗಿಲ್ಲ, ಸ್ವಲ್ಪ ಸೋಮಾರಿತನವೇ ಜಾಸ್ತಿ ಆಗಿದೆ. ಯಾರೂ ಇಲ್ಲ ಅಂದೋರಿಗೆ ಮಾತ್ರ ಚೆನ್ನಾಗಿ ಹತ್ತಿದೆ. ಇನ್ಮೇಲೆ ಅಂಥವರಿಗೆ ಮಾತ್ರ ಕಳಿಸೋಣ. ನಿಮ್ಮ ಕೆಲಸಕ್ಕೇನೂ ಮೋಸ ಇಲ್ಲ.”

“ಅಂದ್ರೆ ಮೇಡಂ, ನನ್ನ ಮಾತು ಕೆಲಸ ಮಾಡ್ಬೇಕು ಅಂದ್ರೆ...”

“ಮನೇಲಿ ಮಾತಾಡೋರು ಯಾರೂ ಇರಬಾರದು” ಎಂದರು ಮೇಡಂ. ಅವರು ಅದನ್ನು ಸಿಹಿ ಸುದ್ದಿ ಎಂದೇ ಹೇಳಿದ್ದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕೆಲಸ ಉಳಿಯಿತೆಂದು ಖುಷಿ ಪಡುವುದನ್ನೂ ಮರೆತು ಹಾಗೇ ಮನೆಗೆ ಹೊರಟುಬಂದೆ.

ಹೆಂಡತಿ ಪಾಸಾಗಿದ್ದಳು. ಕೆಳಗೆ ಅತ್ತೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಅಂಗಡಿಯ ಒಳಗಿನಿಂದ “ಆಹಾ, ಏನು ಲೆಕ್ಕ ಬರೆದಿದ್ದೀಯೇ!” ಎಂದು ಸಾಹೇಬರ ದನಿ, ಅದರ ಹಿಂದೆಯೇ “ತಪ್ಪು. ಅದು ಹೋದ ವರ್ಷದ ಪುಟ” ಎಂದು ಓನರಮ್ಮನ ದನಿ ಕೇಳಿತು. ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು.

“ನೀನು ಕೈಬಿಡೋಳಲ್ಲ ಅಂತ ನನಗೆ ಗೊತ್ತಿತ್ತು” ಎಂದೆ.

“ಓದಿದೀನಿ.”

“ನಿನ್ನಂಥೋಳು ಸಿಗೋದು ಅಪರೂಪ.”

“ಅದನ್ನ ಅಕ್ಕನಿಗೆ ಮೊದಲು ಬರೆದಿದ್ರಿ. ಹಳೇದು.”

ನನ್ನ ಭಂಡಾರ ಖಾಲಿಯಾಯಿತು. ವರ್ಷಗಟ್ಟಲೆ ಬರೆದದ್ದರಲ್ಲಿ ಇವಳಿಗೆಂದು ಒಂದೇ ಒಂದು ಸಾಲೂ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ.

“ಎರಡು ಸಲ ಫೇಲಾದ್ಮೇಲೆ... ನಾನಾಗಿದ್ರೆ ಆ ಪುಸ್ತಕ ಮತ್ತೆ ಮುಟ್ತಿರ್ಲಿಲ್ಲ ಕಣೇ. ಹೆದರ್ಕೊಂಡು ಓಡಿಹೋಗ್ತಿದ್ದೆ. ನೀನು ದಿನಾ ತೆಗೀತಿದ್ದೆ. ಮುಚ್ಚಿಡ್ತಿದ್ದೆ, ಆದ್ರೂ ಮರುದಿನ ತೆಗೀತಿದ್ದೆ. ನಾನು ಪೇಪರ್ ಹಿಂದಿನಿಂದ ನೋಡ್ತಿದ್ದೆ. ಏನ್ ಹೇಳ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ.”

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಇದನ್ನ ಎಲ್ಲೂ ಓದಿಲ್ವಲ್ಲ” ಎಂದಳು.

“ಇದನ್ನ ಬರೆದಿಲ್ಲ.”

“ಬರೀಲೂ ಬೇಡಿ. ಕಂಪನಿಗೆ ಕೊಟ್ಟೀರಿ ಮತ್ತೆ” ಎಂದು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅದೇ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಸಿಂಕಿನ ಕಡೆ ತೋರಿಸಿದಳು. “ಮುಂದಿನ ಪ್ರಶ್ನೆ. ಇವತ್ತು ಪಾತ್ರೆ ಯಾರು ತೊಳೀತಾರೆ?”

ನಾನು ಜೇಬಿನಿಂದ ನಾಣ್ಯ ತೆಗೆದೆ. ಅವಳು ಅದನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇದಕ್ಕೆ ಪ್ರಯೋಗ ಬೇಕಾಗಿಲ್ಲ” ಎಂದಳು.

ತೋಳು ಮಡಚಿ ಅಷ್ಟೂ ಪಾತ್ರೆ ತೊಳೆದು ಸಾಲಾಗಿ ಬೋರಲು ಹಾಕಿದೆ. ಅವಳು ಬಂದು ಒಂದು ಲೋಟ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಳದವರೆಗೆ ಇಣುಕಿ ನೋಡಿದಳು.

“ಅಯ್ಯೋ, ಎಷ್ಟು ಹತ್ತಿರ ಬಂದಿದ್ದಿರಿ!” ಎಂದು ಹೇಳಿ ಲೋಟವನ್ನು ಮತ್ತೆ ನನ್ನ ಕೈಗೆ ಕೊಟ್ಟಳು.